ಗಾಜಿನ ಪೆಟ್ಟಿಗೆಯ ಬೂಟು

“ಆ ಕಮರಿ ಪಾತಾಳದಷ್ಟೇ ಆಳ ಇರ್ಲಿ! ನಮ್ಮ ಅಂಗಡಿ ಬೂಟಲ್ಲೇ ಇಳೀತೀನಿ, ನಮ್ಮ ಅಂಗಡಿ ಬೂಟಲ್ಲೇ ಹತ್ತಿ ಬರ್ತೀನಿ. ಒಂದು ಹೊಲಿಗೆ ಬಿಚ್ಚಿದ್ರೂ ಸಾಕು, ಈ ಬೋರ್ಡು ಇಳಿಸಿ ಎದುರಂಗಡಿಯವ್ನಿಗೆ ಕಾಲೊರೆಸೋಕೆ ಕೊಟ್ಬಿಡ್ತೀನಿ!”

ಬೂಟಿನಂಗಡಿಯ ಯಜಮಾನರು ಈ ಘೋರ ಪ್ರತಿಜ್ಞೆ ಮಾಡಿದಾಗ ಕೇಳಲು ಅಂಗಡಿಯಲ್ಲಿದ್ದವನು ಒಬ್ಬನೇ ಗಿರಾಕಿ. ಅವನೂ ಒಂದು ಜೊತೆ ಲೇಸಿಗೆಂದು ಬಂದವನು. ಲೇಸು ಕೈಗೆ ಸಿಕ್ಕಿದ್ದೇ ತಡ, ‘ಆಗ್ಲಿ ಸಾರ್, ಹೋಗ್ಬನ್ನಿ’ ಎಂದು ಜಾರಿಕೊಂಡ. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ!

ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ‘ಕಣ್ಣಳತೆ’. ಗಿರಾಕಿ ಹೊಸ್ತಿಲು ದಾಟುವ ಮೊದಲೇ ಅವರು ಒಳಗಿನಿಂದ ಕೂಗುತ್ತಿದ್ದರು: “ಎಂಟು! ಬಲಗಾಲು ಎಡಕ್ಕಿಂತ ಒಂಚೂರು ದೊಡ್ಡದು!” ನೋಡಿದರೆ ಸರಿಯಾಗಿ ಎಂಟೇ ಆಗಿರುತ್ತಿತ್ತು, ಬಲಗಾಲು ಒಂಚೂರು ದೊಡ್ಡದೇ ಇರುತ್ತಿತ್ತು. ಕಾಲಿನ ಅಳತೆ ತೆಗೆಯುವ ಹಲಗೆಯೊಂದು ಅವರ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಎದುರಂಗಡಿಯವನಾದರೋ ನಿತ್ಯ ಬರುವ ಗಿರಾಕಿಯಾದರೂ ಸರಿ, ಹಲಗೆ ತಂದು, ಕೆಳಗೆ ಕೂತು, ಕಾಲಿಡಿಸಿ, ಅಳೆದು ಆಮೇಲೆ ಪೆಟ್ಟಿಗೆ ಬಿಚ್ಚುತ್ತಿದ್ದ. ಅದನ್ನು ಬೀದಿಯ ಈಚೆಯಿಂದ ನೋಡಿ ಯಜಮಾನರು ಮೂಗು ಮುರಿಯುತ್ತಿದ್ದರು. “ಇಷ್ಟು ವರ್ಷ ಆಯ್ತು, ಇನ್ನೂ ಮಗ್ಗಿ ಕಲೀತಾ ಇದ್ದಾನೆ!”

ಅಂಗಡಿಯ ನಟ್ಟನಡುವೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಬೆಟ್ಟ ಹತ್ತುವ ಒಂದು ಜೊತೆ ಬೂಟು, ಅದರ ನೆತ್ತಿಯ ಮೇಲೆ ಹಗಲೆಲ್ಲಾ ಉರಿಯುವ ಒಂದು ಬಲ್ಬು. ಅಂಗಡಿ ಶುರುವಾದಾಗ ಇಟ್ಟ ಬೂಟು ಅದು. ಕೊಳ್ಳಲು ಬಂದವರಿಗೆಲ್ಲ “ಮಾರಕ್ಕಲ್ಲ ಸ್ವಾಮಿ, ಇದು ಅಂಗಡಿಯ ಮಾನ” ಎಂದು ಹೇಳಿ ಕಳಿಸಿದ್ದರು. ಅದೇ ಮಾಲಿನ ಇನ್ನೆರಡು ಜೊತೆ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದ್ದವು. ಮಾನಕ್ಕೂ ಒಂದಿಷ್ಟು ದಾಸ್ತಾನು ಬೇಕಲ್ಲ!

ಇನ್ನು ಈ ಕಮರಿಯ ವಿಷಯ. ಇದು ಯಜಮಾನರ ತಲೆಯಲ್ಲಿ ಹುಟ್ಟಿದ್ದಲ್ಲ. ಅವರ ತಲೆಯಲ್ಲಿ ಹುಟ್ಟುವ ಪ್ರವಾಸಗಳೆಲ್ಲ ಚರ್ಮದ ಗೋದಾಮಿನ ತನಕ ಹೋಗಿ ತಿರುಗುತ್ತಿದ್ದವು. ಕಮರಿ ನೋಡಬೇಕು ಎಂದದ್ದು ಹೆಂಡತಿ. ಮದುವೆಯಾದ ಹೊಸದರಲ್ಲಿ ಎಂದಳು, ಮಗಳು ಶಾಲೆಗೆ ಸೇರಿದಾಗ ಎಂದಳು, ಮಗಳ ಮದುವೆ ಮುಗಿದಾಗ ಎಂದಳು. ಪ್ರತಿ ಸಲವೂ ‘ಈ ಸೀಸನ್ ಮುಗೀಲಿ’ ಎಂಬ ಉತ್ತರ ಸಿದ್ಧವಾಗಿತ್ತು. ಮನುಷ್ಯರಿಗೆ ಕಾಲಿರುವ ತನಕ ಬೂಟಿನ ಸೀಸನ್ ಮುಗಿಯುವುದುಂಟೇ?

ಈ ಸಲ ಆಕೆ ಕೇಳಲೇ ಇಲ್ಲ. ತಾನೇ ಬುಕ್ ಮಾಡಿ ಬಂದಳು. ಗೈಡ್ ಜೊತೆ ನಡೆಯುವುದು, ಪ್ರತಿ ಸಂಜೆ ಕಮರಿಯೊಳಗಿನ ಒಂದೊಂದು ಲಾಡ್ಜಿನಲ್ಲಿ ತಂಗುವುದು, ಸಾಮಾನು ಹೇಸರಗತ್ತೆಯ ಮೇಲೆ ಮುಂದೆ ಹೋಗುವುದು. ಇಬ್ಬರ ಚೀಟಿಯನ್ನೂ ಗಲ್ಲಾಪೆಟ್ಟಿಗೆಯ ಮೇಲಿಟ್ಟು ನಿಧಾನವಾಗಿ ಹೇಳಿದಳು:

“ಅಕ್ಕ ನಡೆಸೋ ಹಾಸ್ಟೆಲ್‌ನಿಂದ ಮತ್ತೆ ಫೋನ್ ಬಂದಿತ್ತು. ಹುಡುಗೀರನ್ನ ನೋಡ್ಕೊಳ್ಳೋಕೆ ನಾನೇ ಬರ್ಬೇಕಂತೆ. ಅಲ್ಲೇ ಇರೋಕೆ ರೂಮೂ ಕೊಡ್ತಾರೆ.”

“ಅಲ್ಲೇ ಇರೋಕಾ? ಮತ್ತೆ ಇಲ್ಲಿ ಮನೆ?”

“ಅದಕ್ಕೇ ಇನ್ನೂ ಉತ್ತರ ಕೊಟ್ಟಿಲ್ಲ. ಈ ಪ್ರವಾಸದಲ್ಲಿ ನೀವು ನನ್ನ ಜೊತೆ ನಡೀರಿ. ಅಂಗಡಿ ಮಾತು ಬೇಡ, ಬೂಟಿನ ಮಾತು ಬೇಡ. ಬಂದ್ಮೇಲೆ ಅಕ್ಕನಿಗೆ ಹೇಳ್ತೀನಿ, ಇಲ್ಲೇ ಇರ್ತೀನೋ, ಅಲ್ಲಿಗೆ ಬರ್ತೀನೋ ಅಂತ.”

ಯಜಮಾನರು ಹೋ ಎಂದು ನಕ್ಕರು. ಇಷ್ಟು ವರ್ಷ ಇಲ್ಲೇ ಇದ್ದವಳು ಈಗೆಲ್ಲಿಗೆ ಹೋಗುತ್ತಾಳೆ! ಆದರೂ ಆ ರಾತ್ರಿಯ ಊಟ ಅವರಿಗೆ ಯಾಕೋ ರುಚಿಸಲಿಲ್ಲ. ಮರುದಿನವೇ ಗಾಜಿನ ಪೆಟ್ಟಿಗೆ ತೆರೆದರು. ಬಲ್ಬು ಆರಿಸಿ ಮಾನವನ್ನು ಹೊರಗೆ ತೆಗೆದರು. ಅಟ್ಟದ ಮೇಲಿನ ಎರಡು ಜೊತೆಯನ್ನೂ ಇಳಿಸಿದರು. ಒಂದು ಜೊತೆಯನ್ನು ದೊಡ್ಡ ಮನಸ್ಸಿನಿಂದ ಹೆಂಡತಿಯ ಮುಂದಿಟ್ಟರು.

“ತಗೋ! ನಿಂಗೂ ಒಂದು. ಐದನೇ ನಂಬರು.”

“ಇಡಿ ಅಲ್ಲಿ,” ಎಂದಳು ಆಕೆ.

ಅದು ಮಂಚದ ಕೆಳಗಿನ ಉಳಿದ ಪೆಟ್ಟಿಗೆಗಳ ಪಕ್ಕಕ್ಕೆ ಸೇರಿತು. ಯಜಮಾನರು ವರ್ಷಕ್ಕೊಂದು ಜೊತೆಯಾದರೂ ಮನೆಗೆ ತಂದು ಕೊಡುತ್ತಿದ್ದರು. ಮೊದಮೊದಲು ಹಾಕಿಕೊಳ್ಳುತ್ತಿದ್ದ ಆಕೆ ಈಚಿನವನ್ನೆಲ್ಲ ಕಾಗದ ಕೂಡ ಬಿಚ್ಚದೆ ಇಟ್ಟುಕೊಂಡಿದ್ದಳು. ‘ನಮ್ಮವಳ ಜೋಪಾನ ನೋಡಿ ಕಲೀಬೇಕು’ ಎಂದು ಅವರು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಹೋಗುವಾಗ ಯಜಮಾನರು ಬೂಟಿನ ಮಾತೇ ಆಡಲಿಲ್ಲ. ಬಾಯಿಗೆ ಬೀಗ! ಕಣ್ಣು ಮಾತ್ರ ಸೀಟುಗಳ ಕೆಳಗೆಲ್ಲ ಹರಿದಾಡಿ ಬಂತು. ಪಕ್ಕದ ಸೀಟಿನ ಕೆಳಗೆ ನೋಡುವ ಅಗತ್ಯ ಬೀಳಲಿಲ್ಲ. ಅಲ್ಲಿರುವುದು ಐದು ಎಂದು ಗೊತ್ತೇ ಇತ್ತಲ್ಲ.

ಮೊದಲ ಲಾಡ್ಜು ಕಮರಿಯ ಅಂಚಿನಲ್ಲಿತ್ತು. ಕಿಟಕಿಯಾಚೆ ಕೆಂಪು ಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಎಲ್ಲೋ ಕಣ್ಮರೆಯಾಗುತ್ತಿದ್ದವು. ತಳದಲ್ಲಿ ನದಿ ಇದೆಯೆಂದು ಗೈಡ್ ಹೇಳಿದಳು. ಗಟ್ಟಿ ದನಿಯ, ಕೈಗಡಿಯಾರ ನೋಡದೆ ಒಂದು ಮಾತೂ ಆಡದ ಹೆಂಗಸು ಆಕೆ. ಗುಂಪಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ನಿವೃತ್ತರಾದ ಗಣಿತದ ಟೀಚರಮ್ಮ. ಹೆಂಡತಿ ಕಿಟಕಿಯ ಹತ್ತಿರ ನಿಂತು, “ರೀ, ಇಲ್ಲಿ ಬನ್ನಿ, ಬಿಸಿಲು ಹೇಗೆ ಇಳೀತಿದೆ ನೋಡಿ,” ಎಂದು ಕರೆದಳು.

ಯಜಮಾನರು ಬಂದೇ ಬರುತ್ತಿದ್ದರು. ಆದರೆ ಹಾಳು ಲಾಡ್ಜಿನವರು ಒಂದು ನಿಯಮ ಮಾಡಿದ್ದರು: ಬೂಟನ್ನು ಬಾಗಿಲಲ್ಲೇ ಬಿಡಬೇಕು, ಒಳಗೆ ಲಾಡ್ಜಿನ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಬಾಗಿಲ ಪಕ್ಕದ ಹಲಗೆಯ ಮೇಲೆ ಗುಂಪಿನ ಬೂಟುಗಳೆಲ್ಲ ಸಾಲಾಗಿ ಕೂತಿದ್ದವು. ಕುಡುಕನನ್ನು ಬಾರ್ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದಂತಾಯಿತು!

“ಇದು ಯಾರದ್ದು?” ಎಂದು ಒಂದನ್ನು ಎತ್ತಿದರು.

“ನಂದು,” ಎಂದರು ಟೀಚರಮ್ಮ.

“ಹಿಮ್ಮಡಿ ಒಂದೇ ಕಡೆ ಸವೆದಿದೆ. ಜೀವಮಾನ ಪೂರ್ತಿ ಬೋರ್ಡಿನ ಕಡೆ ವಾಲ್ಕೊಂಡೇ ಪಾಠ ಮಾಡಿದ್ದೀರಿ.”

“ಅಯ್ಯೋ, ಹೌದಲ್ರೀ!”

ಸಾಕಲ್ಲ, ಸುತ್ತ ಜನ ಸೇರಿದರು. ಯಜಮಾನರು ಡಾಕ್ಟರ ಬೂಟು ಎತ್ತಿ ತೂಗಿ ನೋಡಿ, ನಾಲಿಗೆ ಲೊಚಗುಟ್ಟಿ, ಮೆಲ್ಲಗೆ ಕೆಳಗಿಟ್ಟರು. ಡಾಕ್ಟರ ಮುಖ ಬಿಳುಚಿಕೊಂಡಿತು.

“ಏನಾದ್ರೂ ತೊಂದ್ರೆ ಇದೆಯಾ?”

“ನಾಳೆ ಸಂಜೆವರೆಗೂ ಇರಲ್ಲ.”

“ನಾನೂ ಪೇಷಂಟುಗಳಿಗೆ ಇದೇ ಥರ ಹೆದರಿಸ್ತೀನಿ ಕಣ್ರೀ,” ಎಂದರು ಡಾಕ್ಟರು. ಗೊತ್ತಿದ್ದೂ ಹೆದರಿದರು. ಯಜಮಾನರು ಹೆಚ್ಚಿಗೆ ತಂದಿದ್ದ ಅಟ್ಟದ ಬೂಟಿನ ಪೆಟ್ಟಿಗೆ ಬಿಚ್ಚಿದ್ದೂ ಆಯಿತು, ಡಾಕ್ಟರ ಕಾಲಿಗೆ ಅದು ಹೇಳಿ ಮಾಡಿಸಿದಂತೆ ಕೂತದ್ದೂ ಆಯಿತು.

ಸಾಲಿನ ಕೊನೆಯಲ್ಲಿ ಕೆಂಪು ಲೇಸಿನ ಒಂದು ಜೊತೆ ಇತ್ತು. ಯಜಮಾನರು ಅದನ್ನು ಎತ್ತಿದರು. ಕಣ್ಣು ಕೆಂಪಾಯಿತು.

“ಎದುರಂಗಡಿ ಮಾಲು! ಇಲ್ಲಿಗೂ ಬಂದಿದ್ದಾನೆ ನೋಡಿ! ಏಳನೇ ನಂಬರು, ಹೆಂಗಸರದ್ದು.” ಬೂಟಿನೊಳಗೆ ಕೈಹಾಕಿ ಬೆರಳಾಡಿಸಿದರು. ಎಂಥ ಕುಶಲ ಬೆರಳುಗಳು! “ಆದ್ರೆ ಹೊಲಿಗೆಯವನ ತಪ್ಪಲ್ಲ ಇದು. ಈ ಕಾಲಿಗೆ ಹೆಬ್ಬೆರಳ ಬುಡದಲ್ಲಿ ಗಂಟಿದೆ, ಬೂಟು ಅಲ್ಲೇ ಉಬ್ಬಿದೆ. ಹುಟ್ಟಿನಿಂದ ಬಂದ ಗಂಟಲ್ಲ. ವರ್ಷಗಟ್ಟಲೆ ಯಾರೋ ಈಕೆಗೆ ಎರಡು ನಂಬರು ಚಿಕ್ಕ ಬೂಟು ತೊಡಿಸಿದ್ದಾನೆ! ನೋವಾಗುತ್ತೆ ಅಂತ ಈಕೆ ಹೇಳಿರ್ತಾಳೆ, ಅವನು ಕೇಳಿರಲ್ಲ. ಅಂಥವನ ಅಂಗಡಿಗೆ ಬೆಂಕಿ ಹಾಕ್ಬೇಕು!”

ಯಾರೂ ‘ನಂದು’ ಅನ್ನಲಿಲ್ಲ. ಹೆಂಡತಿ ಕಿಟಕಿಯಿಂದ ಈಚೆ ಬಂದು ಟೀ ಲೋಟ ಹಿಡಿದು ನಿಂತಿದ್ದಳು. ಅವಳ ಮುಖ ಒಂಥರಾ ಆಗಿತ್ತು.

“ಹಾಕೋಣ ಬಿಡಿ,” ಎಂದಳು. “ಊರಿಗೆ ಹೋದ್ಮೇಲೆ.”

ಯಜಮಾನರು ಸಂತೋಷದಿಂದ ತಲೆಯಾಡಿಸಿದರು. ಹೆಂಡತಿ ತಮ್ಮ ಮಾತನ್ನು ಒಪ್ಪಿದ್ದು ಎಷ್ಟು ದಿನದ ಮೇಲೆ! ಹೊರಗೆ ಬಿಸಿಲು ಪೂರ್ತಿ ಇಳಿದು ಕಮರಿ ಕಪ್ಪಾಗಿತ್ತು.

ಮರುದಿನ ಬೆಳಿಗ್ಗೆ ದಿಗ್ವಿಜಯಕ್ಕೆ ಹೊರಟರು. ಡಾಕ್ಟರು ತಮ್ಮ ಹಳೆಯ ಬೂಟನ್ನು ಬ್ಯಾಗಿಗೆ ತುರುಕಿ ಹೇಸರಗತ್ತೆಯ ಬೆನ್ನಿಗೇರಿಸಿದರು. ಹೇಸರಗತ್ತೆಗಳು ಮೊದಲೇ ಇಳಿದು ಹೋದವು. ಹೆಂಡತಿ ಯಾವಾಗ ಬೂಟು ಕಟ್ಟಿಕೊಂಡಳೋ ಯಜಮಾನರು ನೋಡಲಿಲ್ಲ. ಅವರು ಆಗ ಮಂಡಿಯೂರಿ ಡಾಕ್ಟರ ಲೇಸು ಬಿಗಿಯುತ್ತಿದ್ದರು.

ದಾರಿ ಬಂಡೆಯ ಪಕ್ಕೆಯಲ್ಲೇ ಸುತ್ತಿ ಸುತ್ತಿ ಇಳಿಯುತ್ತಿತ್ತು. ಒಂದು ತಿರುವಿನಲ್ಲಿ ಹೆಂಡತಿ ನಿಂತಳು. ಕೆಳಗೆ ದೂರದಲ್ಲಿ ಮೊದಲ ಸಲ ನದಿ ಕಂಡಿತು, ಹಸಿರಾಗಿ, ಸದ್ದಿಲ್ಲದೆ.

“ರೀ, ನದಿ!”

“ಡಾಕ್ಟ್ರೇ, ಈಗ ಹಿಮ್ಮಡಿ ಮೊದಲು ಊರಿ, ಆಗ ನಮ್ಮ ಬೂಟಿನ ತಾಕತ್ತು ಗೊತ್ತಾಗುತ್ತೆ!”

“ರೀ, ಇಲ್ಲಿ ನೋಡಿ ಒಂದ್ನಿಮಿಷ.”

“ನೋಡಿದೆ ನೋಡಿದೆ. ನದಿ ತಾನೇ? ಡಾಕ್ಟ್ರೇ, ಒಳಗಡೆ ಮೆತ್ತಗೆ ಅನ್ನಿಸ್ತಾ ಇದೆಯಾ?”

ಹೆಂಡತಿ ಮತ್ತೆ ಕರೆಯಲಿಲ್ಲ. ಟೀಚರಮ್ಮನ ಜೊತೆ ಮುಂದೆ ನಡೆದಳು. ಅವರಿಬ್ಬರ ನಗು ಆಗಾಗ ತಿರುವಿನಾಚೆಯಿಂದ ಕೇಳುತ್ತಿತ್ತು.

ಡಾಕ್ಟರಿಗೆ ನಿಜವಾಗಿಯೂ ಮೆತ್ತಗೆ ಅನ್ನಿಸುತ್ತಿತ್ತು. ಅತೀ ಮೆತ್ತಗೆ! ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ಬಲಗಾಲಿನಿಂದ ಪಟಕ್ ಪಟಕ್ ಎಂಬ ಸದ್ದು ಶುರುವಾಯಿತು. ಯಜಮಾನರು ಅದನ್ನು ‘ಬೂಟು ಪಳಗ್ತಾ ಇದೆ’ ಎಂದು ವಿವರಿಸುತ್ತಿರುವಾಗಲೇ ತಮ್ಮದೇ ಎಡಗಾಲಿನಿಂದಲೂ ಪಟಕ್ ಎಂಬ ಉತ್ತರ ಬಂತು. ಬಗ್ಗಿ ನೋಡುತ್ತಾರೆ: ಮಾನ ಬಾಯಿ ತೆರೆದಿದೆ! ಬೂಟಿನ ಅಡಿ ಮುಂದಿನಿಂದ ಕಳಚಿ, ಹಿಮ್ಮಡಿಯ ಹತ್ತಿರ ಮಾತ್ರ ಹಿಡಿದುಕೊಂಡು ನೇತಾಡುತ್ತಿತ್ತು. ಇನ್ನೊಂದು ಹೆಜ್ಜೆಗೆ ಅದೂ ಉದುರಿತು. ಬೆರಳಲ್ಲಿ ಒತ್ತಿದರೆ ರಬ್ಬರು ಹಳೇ ರಸ್ಕಿನ ಹಾಗೆ ಪುಡಿಯಾಗಿ ಕೈಗೆ ಬಂತು.

ಅವರಿಗೆ ಇದು ತಿಳಿಯದ ವಿದ್ಯೆಯೇನಲ್ಲ. ಹಾಕದೆ ಇಟ್ಟ ಬೂಟಿನ ಅಂಟು ಒಣಗುತ್ತದೆ, ಶಾಖ ತಗುಲಿದರೆ ಇನ್ನೂ ಬೇಗ ಒಣಗುತ್ತದೆ ಎಂದು ಗಿರಾಕಿಗಳಿಗೆ ಅವರೇ ಬುದ್ಧಿ ಹೇಳುತ್ತಿದ್ದರು. ಅಷ್ಟು ವರ್ಷ ತಾವೇ ಬಲ್ಬು ಹಾಕಿ ಮಾನವನ್ನು ಬೇಯಿಸಿದ್ದು ಮಾತ್ರ ಹೊಳೆದಿರಲಿಲ್ಲ.

ಗೈಡ್ ಬಂದು ನೋಡಿದಳು. ಗಡಿಯಾರ ನೋಡಿದಳು. ಬ್ಯಾಗಿನಿಂದ ಟೇಪು ತೆಗೆದು ಇಬ್ಬರು ಗಂಡಸರ ಕಾಲಿಗೂ ಬ್ಯಾಂಡೇಜಿನಂತೆ ಸುತ್ತಿದಳು.

“ಮುಂದೆ ನೀರು ದಾಟೋದಿದೆ. ಇದರಲ್ಲಿ ಆಗಲ್ಲ. ನೀವಿಬ್ರೂ ವಾಪಸ್ ಹೋಗಿ, ಮೊದಲಿನ ಲಾಡ್ಜು ಇನ್ನೂ ಹತ್ರ ಇದೆ. ಮೇಲಿಂದ ಆಳನ್ನ ಕರೀತೀನಿ.”

“ನನ್ನ ಬೂಟು ಬ್ಯಾಗಲ್ಲಿದೆ!” ಎಂದರು ಡಾಕ್ಟರು.

“ಬ್ಯಾಗು ಹೇಸರಗತ್ತೆ ಮೇಲಿದೆ ಸಾರ್. ಹೇಸರಗತ್ತೆ ನದಿ ದಾಟಿರುತ್ತೆ.”

ಡಾಕ್ಟರು ಯಜಮಾನರ ಕಡೆ ತಿರುಗಿದರು. “ಕೇಳಿದ್ರಾ? ನನ್ನ ಬೂಟು ಕಮರಿಯೆಲ್ಲಾ ನೋಡ್ಕೊಂಡು ಬರುತ್ತೆ. ನಾನು ನೋಡಲ್ಲ! ನಿಮ್ಮ ಸೋಲ್ ಹೋಯ್ತು, ನನ್ನ ಪಾಲಿಗೆ ಸೋಲು ಬಂತು!”

ಯಜಮಾನರು ದಾರಿಯ ಪಕ್ಕದ ಚಿಕ್ಕ ಬಂಡೆಯ ಮೇಲೆ ಕುಸಿದು ಕೂತಿದ್ದರು. ಅಂಗಡಿಯ ಮೋಟು ಸ್ಟೂಲಿನ ಮೇಲೆ ಕೂತಷ್ಟೇ ಎತ್ತರ ಅದು. ಕಣ್ಣಿನ ನೇರಕ್ಕೆ ಬರೀ ಕಾಲುಗಳು. ಟೀಚರಮ್ಮನ ಸವೆದ ಹಿಮ್ಮಡಿ ಅವರ ಮುಂದೆ ಬಂದು ನಿಂತಿತು. ಅದರ ಪಕ್ಕದಲ್ಲಿ ಇನ್ನೊಂದು ಜೊತೆ ಬಂದು ನಿಂತಿತು. ಕೆಂಪು ಲೇಸು. ಏಳನೇ ನಂಬರು. ಹೆಬ್ಬೆರಳ ಬುಡದಲ್ಲಿ ಉಬ್ಬು.

ಯಜಮಾನರು ನಿಧಾನವಾಗಿ ತಲೆಯೆತ್ತಿದರು. ಕೆಂಪು ಲೇಸಿನ ಮೇಲೆ ಅವರ ಹೆಂಡತಿ ನಿಂತಿದ್ದಳು.

“ನಿಂದಾ?”

“ನಂದೇ.”

“ಏಳಾ?”

“ಏಳು. ಮಗಳು ಹುಟ್ಟಿದಾಗಿಂದ ಏಳೇ.”

“ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?”

“ಹೇಳಿದ್ದೆ. ಒಂದು ಸಲ ಅಲ್ಲ. ನೀವು ಎದ್ದೂ ಬರ್ಲಿಲ್ಲ, ಕೂತಲ್ಲಿಂದ್ಲೇ ನೋಡಿ ‘ಐದು’ ಅಂದ್ರಿ. ಕಚ್ಚುತ್ತೆ ಅಂದ್ರೆ ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಅಂದ್ರಿ. ಸರಿಹೋಯ್ತು. ಕಾಲೇ ಸೊಟ್ಟ ಆಗಿ ಸರಿಹೋಯ್ತು.”

ಟೀಚರಮ್ಮ ಮೆಲ್ಲಗೆ ಮುಂದೆ ಸರಿದರು. ಡಾಕ್ಟರು ಕೂಡ ಬೈಯುವುದನ್ನು ನಿಲ್ಲಿಸಿ ಬಂಡೆಯ ಪದರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಯಜಮಾನರಿಗೆ ಹಿಂದಿನ ಸಂಜೆ ಟೀ ಲೋಟ ಹಿಡಿದು ನಿಂತ ಮುಖ ನೆನಪಾಯಿತು. ಬೆಂಕಿ ಹಾಕಲು ಹೇಳಿದ್ದು ಯಾವ ಅಂಗಡಿಗೆ ಎಂದು ಆಗ ಅರ್ಥವಾಯಿತು. ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಯಿತು. ಅದರ ಹಿಂದೆಯೇ ಇನ್ನೊಂದು ಸಂಕಟ: ಎದುರಂಗಡಿಯವನು ನೆಲದ ಮೇಲೆ ಕೂತು, ಈ ಕಾಲನ್ನು ಹಲಗೆಯ ಮೇಲಿಡಿಸಿ, ಎಲ್ಲಿ ನೋಯುತ್ತದೆ ಎಂದು ಕೇಳಿರಬೇಕು. ಆಕೆ ಹೇಳಿರಬೇಕು. ಅವನು ಕೇಳಿಸಿಕೊಂಡಿರಬೇಕು!

“ನೀನೂ ವಾಪಸ್ ಬಾ,” ಎಂದರು. ಆಜ್ಞೆಯಂತೆ ಹೊರಟ ಮಾತು ಬಾಯಿಂದ ಬರುವಷ್ಟರಲ್ಲಿ ಬೇಡಿಕೆಯಾಗಿತ್ತು. “ಮುಂದಿನ ವರ್ಷ ಮತ್ತೆ ಬರೋಣ. ಸೀಸನ್ ಮುಗಿದ್ಮೇಲೆ. ನಿನ್ನ ಜೊತೇಲೇ ನಡೀತೀನಿ.”

ಹೆಂಡತಿ ಒಂದು ಕ್ಷಣ ಅವರ ಟೇಪು ಸುತ್ತಿದ ಕಾಲುಗಳನ್ನು ನೋಡಿದಳು. ಅವಳಿಗೆ ಕನಿಕರವಾಯಿತು, ಅದು ಕಣ್ಣಲ್ಲಿ ಕಂಡಿತು. ಆದರೂ ಬಗ್ಗಿ ಕೆಂಪು ಲೇಸನ್ನು ಇನ್ನೊಂದು ಸಲ ಬಿಗಿದುಕೊಂಡಳು.

“ಬೂಟು ಕಚ್ತಾ ಇಲ್ಲ ರೀ. ನಾನು ನಡೀತೀನಿ. ನೀವು ಹುಷಾರಾಗಿ ಹತ್ತಿ.”

ಹತ್ತುವ ದಾರಿಯಲ್ಲಿ ಡಾಕ್ಟರು ಒಂದು ಸಲ ನಿಂತು, ಏದುಸಿರು ಬಿಡುತ್ತಾ ಹೇಳಿದರು: “ನಿಮ್ಗೆ ಯಾವತ್ತಾದ್ರೂ ಹಲ್ಲು ನೋವು ಬಂದ್ರೆ ನನ್ನ ಹತ್ರಾನೇ ಬನ್ನಿ. ದಯವಿಟ್ಟು ಬನ್ನಿ.” ಆ ಆಹ್ವಾನದ ದನಿಗೆ ಯಜಮಾನರ ದವಡೆ ಅಲ್ಲೇ ನೋಯತೊಡಗಿತು.

ಪ್ರತಿಜ್ಞೆ ಮಾಡಿ ಬೂಟಿನಲ್ಲಿ ಇಳಿದವರು ಟೇಪಿನಲ್ಲಿ ಹತ್ತಿ, ಲಾಡ್ಜಿನ ಬಚ್ಚಲು ಚಪ್ಪಲಿಯಲ್ಲಿ ಬಸ್ಸೇರಿ ಊರು ಸೇರಿದರು. ಮನೆಗೆ ಬಂದವರು ಮೊದಲು ಮಂಚದ ಕೆಳಗೆ ನುಗ್ಗಿದರು. ಒಂದೊಂದೇ ಪೆಟ್ಟಿಗೆ ಎಳೆದು ಬಿಚ್ಚಿದರು. ಐದು. ಐದು. ಐದು. ಎಲ್ಲವೂ ಹೊಸವು, ಎಲ್ಲವೂ ಅವರೇ ಆರಿಸಿ ತಂದವು. ಮೊದಲಿನದನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರು. ಅಂಟು ಬಿಟ್ಟು ಅಡಿ ಕೈಗೆ ಬಂತು. ಉಳಿದವನ್ನು ಬಗ್ಗಿಸಿ ನೋಡುವ ಧೈರ್ಯವಾಗಲಿಲ್ಲ. ಹಾಗೇ ಮುಚ್ಚಿ ಒಳಗೆ ತಳ್ಳಿದರು.

ಹೆಂಡತಿ ಬಂದ ದಿನ ಯಜಮಾನರು ಅಂಗಡಿಯಲ್ಲಿದ್ದರು. ಕಾಲಲ್ಲಿ ಇನ್ನೂ ಅದೇ ಲಾಡ್ಜಿನ ಚಪ್ಪಲಿ. ಅಂಗಡಿಯ ಯಾವ ಬೂಟಿನಲ್ಲಿ ಕಾಲಿಡಲೂ ಅವರಿಗೆ ಮನಸ್ಸಾಗಿರಲಿಲ್ಲ. ಆಕೆ ಬಿಸಿಲಿಗೆ ಕಪ್ಪಾಗಿದ್ದಳು. ಕುಂಟದೆ, ಉದ್ದುದ್ದ ಹೆಜ್ಜೆ ಹಾಕುತ್ತಾ ಬಂದು ಬ್ಯಾಗು ಇಳಿಸಿದಳು. ಅವಳ ನಡಿಗೆ ಅಷ್ಟು ಚೆನ್ನಾಗಿದೆ ಎಂದು ಯಜಮಾನರಿಗೆ ಗೊತ್ತಿರಲಿಲ್ಲ.

“ಅಕ್ಕನಿಗೆ ಹೇಳ್ದೆ,” ಎಂದಳು. “ಬರ್ತೀನಿ ಅಂತ.”

ಯಜಮಾನರು ತಲೆಯಾಡಿಸಿದರು. ಎದ್ದು ಮೂಲೆಗೆ ಹೋಗಿ ಹಲಗೆ ತಂದರು, ತಮ್ಮ ಅಂಗಿಯ ತುದಿಯಿಂದಲೇ ಅದರ ಧೂಳು ಒರೆಸಿದರು. ಆಕೆಯ ಮುಂದೆ ಮೋಟು ಸ್ಟೂಲು ಎಳೆದು ಕೂತರು.

“ಅಲ್ಲಿ ಓಡಾಟ ಜಾಸ್ತಿ ಇರುತ್ತೆ. ಒಂದು ಒಳ್ಳೆ ಜೊತೆ ಕೊಡ್ತೀನಿ, ಕಾಲಿಡು. ಸರಿಯಾಗಿ ಅಳೀತೀನಿ.”

ಹೆಂಡತಿ ನಕ್ಕಳು. ಕೆಟ್ಟ ನಗುವಲ್ಲ ಅದು, ದಣಿದ ನಗು.

“ಈಗ ಯಾಕೆ ರೀ ಕಷ್ಟ? ಎದುರಂಗಡಿಯವರಿಗೆ ಗೊತ್ತು. ಅವರನ್ನೇ ಕೇಳಿ.” ಬ್ಯಾಗು ಎತ್ತಿಕೊಂಡು ಸಾಮಾನು ಕಟ್ಟಲು ಮನೆಗೆ ಹೋದಳು.

ಯಜಮಾನರು ಹಲಗೆ ಕೆಳಗಿಟ್ಟು ಎದ್ದರು. ಜೀವನದಲ್ಲಿ ಮೊದಲ ಸಲ ಬೀದಿ ದಾಟಿ, ಆಚೆಯ ಹೊಸ್ತಿಲ ಮೇಲೆ ನಿಂತರು. ಹೊರಗೆ ನಿಂತಿದ್ದ ಗಿರಾಕಿಗಳು ಪರಸ್ಪರ ಮೊಣಕೈಯಲ್ಲಿ ತಿವಿದುಕೊಂಡರು.

“ಒಂದು ಜೊತೆ ಬೇಕಿತ್ತು. ನಮ್ಮ ಮನೆಯವರಿಗೆ.”

ಎದುರಂಗಡಿಯವನು ಆಶ್ಚರ್ಯ ಪಡಲಿಲ್ಲ, ವ್ಯಂಗ್ಯವಾಡಲಿಲ್ಲ. ವ್ಯಂಗ್ಯವಾಡಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು! ಅವನು ಎದ್ದು, ಬೇರೆ ಇಟ್ಟಿದ್ದ ಒಂದು ಪೆಟ್ಟಿಗೆ ತೆಗೆದ. “ಅಮ್ಮಾವ್ರದ್ದು ಏಳು, ಅಗಲ ಕಾಲು. ಎಡಗಡೆ ಗಂಟಿನ ಹತ್ರ ಒಂಚೂರು ಸಡಿಲ ಮಾಡಿಟ್ಟಿದ್ದೀನಿ, ಇಲ್ದಿದ್ರೆ ಸಂಜೆ ಹೊತ್ತು ನೋಯುತ್ತೆ ಅವರಿಗೆ.” ಆಮೇಲೆ ಅವನ ಕಣ್ಣು ಕೆಳಗಿಳಿದು ಲಾಡ್ಜಿನ ಚಪ್ಪಲಿಯ ಮೇಲೆ ನಿಂತಿತು. “ನಿಮಗೂ ಏನಾದ್ರೂ ತೋರಿಸ್ಲಾ ಸಾರ್?”

ಯಜಮಾನರು ಗಂಟಲು ಸರಿ ಮಾಡಿಕೊಂಡರು. ಎಷ್ಟೇ ಆಗಲಿ, ಹಳೇ ಗತ್ತು! “ಎಂಟು,” ಎಂದರು.

ಎದುರಂಗಡಿಯವನು ಹಲಗೆ ಎಳೆದು, ನೆಲದ ಮೇಲೆ ಅವರ ಮುಂದೆ ಕೂತ.

“ಕಾಲಿಡಿ ಸಾರ್. ನಮ್ಮಲ್ಲಿ ಕಣ್ಣಳತೆ ಇಲ್ಲ.”